ಕಳ್ಳ ನರಿಯ ದನಿ

ಪರದೆಯ ಮೇಲೆ ಕರಡಿರಾಜ ಬಾಯಿ ತೆರೆದೊಡನೆ ಶಂಭುಲಿಂಗ ಸೀಟಿನಲ್ಲಿ ಕುಸಿದು ಕೂತ. ಪಕ್ಕದಲ್ಲಿದ್ದ ಅವ್ವ, ಸಂಗವ್ವ, ಕಿವಿಗೊಟ್ಟು ಕೇಳಿ ಮಗನತ್ತ ತಿರುಗಿದಳು.

"ಇದು ನಿನ್ನ ದನಿ ಅಲ್ಲಲ್ಲೋ."

"ತಡಿ ಬೇ, ಬರ್ತೈತಿ."

ತಲೆಮಾರುಗಳಿಂದ ಮಕ್ಕಳು ಓದಿ ಬೆಳೆದ ವಿಲಾಯಿತಿ ಕಥೆಪುಸ್ತಕಗಳ ಮಾಲೆ ಅದು. ಈಗ ಕಾರ್ಟೂನ್ ಸಿನಿಮಾ ಆಗಿ, ಕನ್ನಡ ಮಾತಾಡಿಕೊಂಡು ಹುಬ್ಬಳ್ಳಿಗೂ ಬಂದಿತ್ತು. ಧಾರವಾಡದ ನಾಟಕಗಳಲ್ಲಿ ರಾಜನ ಪಾರ್ಟು ಬಿಟ್ಟು ಬೇರೆ ಮಾಡದ ಶಂಭುಲಿಂಗ, ಕರಡಿರಾಜನಿಗೆ ದನಿ ಕೊಡಲೆಂದೇ ಬೆಂಗಳೂರಿಗೆ ಹೋಗಿದ್ದ. ಸ್ಟುಡಿಯೋದವರು ಅವನ ಗಾಂಭೀರ್ಯವನ್ನೆಲ್ಲ ಸಮಾಧಾನದಿಂದ ಕೇಳಿ, "ಸಾರ್, ನಿಮ್ಮ ಕಡೆ ಭಾಷೆ ಮಾತಾಡಿ" ಎಂದರು. ಮಾತಾಡಿದ. ಬಿದ್ದು ಬಿದ್ದು ನಕ್ಕು ಕಳ್ಳ ನರಿಯ ಪಾರ್ಟು ಕೊಟ್ಟರು. ಮನೆಯಲ್ಲಿ ಮಾತ್ರ ಕರಡಿ ಎಂದೇ ಹೇಳಿದ್ದ. ಮಗನ ಒಂದು ನಾಟಕವನ್ನೂ ನೋಡದ ಅವ್ವ, ಸಿನಿಮಾದಲ್ಲಿ ರಾಜನೆಂದ ಮೇಲೆ ಬಂದಿದ್ದಳು. ಕಳ್ಳನೆಂದು ಗೊತ್ತಾದರೆ ಇನ್ನೆಂದೂ ಬರಲಿಕ್ಕಿಲ್ಲ ಎಂದು ಅವನ ಹೆದರಿಕೆ.

ನರಿ ಬಂತು. ಹಿಮದಲ್ಲಿ ನಡುಗುತ್ತ ಮೊಲದ ಮನೆಯ ಬಾಗಿಲು ಬಡಿದು, "ಅಕ್ಕಾರ, ಊಟಾ ಆತೇನ್ರಿ?" ಎಂದಿತು. ಥಿಯೇಟರ್ ಗೊಳ್ಳೆಂದು ನಕ್ಕಿತು. ನಕ್ಕವರೆಲ್ಲ ದಾರಿಯಲ್ಲಿ ಸಿಕ್ಕವರಿಗೆ ಅದನ್ನೇ ಕೇಳಿಕೊಂಡು ಬಂದವರು.

"ಊಟಾ ಆತೇನಂದ್ರ ನಗೂದೇನೈತಿ ಅದರಾಗ?" ಎಂದಳು ಸಂಗವ್ವ.

"ಅದು ಕಾಮಿಡಿ ಬೇ."

"ದನಿ ನಿಂದನ."

ಶಂಭುಲಿಂಗ ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿದ.

ಮೊಲ ಒಂದು ತುತ್ತೂ ಕೊಡಲಿಲ್ಲ. ಹಸಿವು ತಾಳದೆ ನರಿ ರಾಜನ ಅಡಿಗೆಮನೆಗೆ ನುಗ್ಗಿ ರೊಟ್ಟಿ ಕದ್ದು ಸಿಕ್ಕಿಬಿತ್ತು. ಕರಡಿರಾಜ ಶುದ್ಧ ಪುಸ್ತಕದ ಕನ್ನಡದಲ್ಲಿ ನ್ಯಾಯ ಹೇಳಿದ. ಪ್ರಾಣಿಗಳೆಲ್ಲ ಸೇರಿ ನರಿಯನ್ನು ಹಿಮಕ್ಕೆ ತಳ್ಳಿ ಬಾಗಿಲು ಹಾಕಿಕೊಂಡವು. "ತಪ್ಪಾತ್ರಿಯಪ್ಪಾ, ಒಳಗ ಕರ್ಕೊಳ್ರಿ" ಎಂದು ಅದು ಅತ್ತಾಗ ಥಿಯೇಟರ್ ಮತ್ತೂ ಜೋರಾಗಿ ನಕ್ಕಿತು.

ಸಂಗವ್ವ ಸೆರಗು ಹೊದ್ದುಕೊಂಡು ಎದ್ದು ನಿಂತಳು.

"ಅವ್ವಾ, ಇನ್ನೂ ಅರ್ಧಾ ಸಿನಿಮಾ ಐತಿ. ಕಡೀಕ ಎಲ್ಲಾರೂ ಒಂದಾಗ್ತಾರ."

"ಆಗಲಿ" ಎಂದಳು ಆಕೆ, ಮಗನ ಕೈ ಹಿಡಿದು ಎಬ್ಬಿಸುತ್ತ. "ನಮ್ಮಾಂವನ್ನ ಹೊರಗ ಹಾಕಿದ ಮ್ಯಾಲ ನಮಗ ಒಳಗೇನು ಕೆಲಸ? ನಡಿ."