ಹುಳದ ಮನೆಯ ಸಂಬಂಧ

ಒಳಗೆ ಕಾಲಿಟ್ಟ ಕೂಡಲೇ ನೊಣವೊಂದು ಅವನನ್ನು ದುರುಗುಟ್ಟಿಕೊಂಡು ನೋಡಿತು. ಬಾಗಿಲಿನಷ್ಟು ಎತ್ತರದ ನೊಣ. ಅದು ಚೌಕಟ್ಟು ಹಾಕಿಸಿದ ಫೋಟೋ ಎಂದು ಬುದ್ಧಿಗೆ ಗೊತ್ತಾಗುವಷ್ಟರಲ್ಲಿ ಇಟ್ಟ ಕಾಲು ಹೊಸ್ತಿಲಿನಾಚೆಗೆ ವಾಪಸ್ಸಾಗಿತ್ತು.

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಭಯ, ಹುಳ. ಜಿರಳೆ ಕಂಡರೆ ಗಿರಾಕಿಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡುವ ಪೈಕಿ. ಅಂಥವನು ಹೋಗಿ ಹೋಗಿ ಮನಸ್ಸು ಕೊಟ್ಟದ್ದು ಈ ಮನೆಯ ಮಗಳಿಗೆ. ಗೋಡೆಗಳ ಮೇಲೆ ನೆಂಟರಿಷ್ಟರ ಫೋಟೋ ಒಂದೂ ಇಲ್ಲ. ಇರುವೆಯ ಮಡಚಿದ ಮೀಸೆ, ಹೆಂಚು ಹೊದಿಸಿದ ಹಾಗೆ ಕಾಣುವ ಚಿಟ್ಟೆಯ ರೆಕ್ಕೆ, ಮಿಡತೆಯ ಪಕ್ಕೆಯಲ್ಲಿ ಸಾಲಾಗಿರುವ ಉಸಿರಾಟದ ತೂತುಗಳು, ಎಲ್ಲವೂ ತಲೆದಿಂಬಿನಷ್ಟು ದೊಡ್ಡವು.

"ಅಪ್ಪ ಹ್ಞೂಂ ಅಂದ್ರೆ ಮದ್ವೆ. ಇಲ್ಲಾಂದ್ರೆ ಇಲ್ಲ," ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು. "ಹುಳದ ಮಾತು ಬಂದ್ರೆ ಮಾತ್ರ ಅಪ್ಪನ ಹತ್ರ ನಿಜಾನೇ ಹೇಳು." ಯಾಕೆ ಎಂದರೆ ನಕ್ಕು ಮಾತು ಮರೆಸಿದ್ದಳು.

ಅವನಿಗಿಂತ ಮುಂಚೆ ಎರಡು ಸಂಬಂಧ ಬಂದಿದ್ದವು. ಒಬ್ಬ ಕೀಟಶಾಸ್ತ್ರದ ಮೇಷ್ಟ್ರು. ಇನ್ನೊಬ್ಬ ಜೇನು ಸಾಕುವವನು, ಅದೂ ಬರಿಗೈಯಲ್ಲಿ. ಇಬ್ಬರನ್ನೂ ಅಪ್ಪ ಬೇಡವೆಂದಿದ್ದರು. ಜೇನು ಸಾಕುವವನೇ ಸಾಲದೆ ಹೋದ ಮೇಲೆ ತನ್ನ ಗತಿಯೇನು? ಅವಳಿಲ್ಲದೆ ಬದುಕುವುದು ಅವನಿಂದ ಆಗುತ್ತಿರಲಿಲ್ಲ. ಹಾಗಾಗಿ ಕೀಟಗಳ ಪುಸ್ತಕವೊಂದನ್ನು ತಂದು, ಚಿತ್ರಗಳ ಮೇಲೆಲ್ಲ ಕಾಗದ ಅಂಟಿಸಿ, ಉರು ಹೊಡೆದಿದ್ದ.

ಅವಳ ಅಪ್ಪ ಅಗ್ನಿಶಾಮಕ ದಳದ ಅಧಿಕಾರಿ. ಉರಿಯುವ ಕಟ್ಟಡಗಳಿಂದ ಜನರನ್ನು ಹೆಗಲ ಮೇಲೆ ಹೊತ್ತು ಇಳಿಸಿದವರು. ದಪ್ಪ ಮೀಸೆ. ನೊಣಕ್ಕೆ ಬೆನ್ನು ಹಾಕಿ ಕುಳಿತಿದ್ದರು. ದಿನಾ ನೋಡುವವರಿಗೆ ಅದರಲ್ಲೇನು ವಿಶೇಷ, ಎಂದುಕೊಂಡ.

"ಫೋಟೋ ಅದ್ಭುತವಾಗಿದೆ ಸರ್."

"ಹ್ಞೂಂ. ಬಂದವರೆಲ್ಲ ಹಾಗೇ ಅಂತಾರೆ." ತಿರುಗಿ ನೋಡದೆಯೇ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದರು. "ಅದ್ರ ಬಗ್ಗೆ ನಿಮಗೇನು ಗೊತ್ತು?"

ಕಂಠಪಾಠ ಒಂದೇ ಉಸಿರಿನಲ್ಲಿ ಹೊರಬಿತ್ತು. "ಒಂದೊಂದು ಕಣ್ಣಲ್ಲೂ ಸಾವಿರಾರು ಪುಟ್ಟ ಕಣ್ಣು ಸರ್. ಕಾಲಲ್ಲೇ ರುಚಿ ನೋಡುತ್ತೆ. ಪಾದಕ್ಕೆ ಎರಡು ಉಗುರು, ಎರಡು ಮೆತ್ತೆ, ಅದಕ್ಕೇ ಗಾಜಿನ ಮೇಲೂ ಜಾರಲ್ಲ. ಈ ಫೋಟೋನೂ ಒಂದೇ ಸಲಕ್ಕೆ ತೆಗೆದದ್ದಲ್ಲ. ಇಷ್ಟು ಹತ್ತಿರ ಹೋದ್ರೆ ಕೂದಲೆಳೆಯಷ್ಟು ಜಾಗ ಮಾತ್ರ ಸ್ಪಷ್ಟ ಕಾಣೋದು. ಚೂರು ಚೂರೇ ಸರಿಸಿ, ತುಂಬಾ ಫೋಟೋ ತೆಗೆದು, ಎಲ್ಲಾ ಸೇರಿಸಿರೋದು."

ಅವರ ಮುಖ ಸಪ್ಪಗಾಯಿತು. "ನೊಣಾನ ಹತ್ತಿರದಿಂದ ನೋಡಿದೀರಾ?"

ನಿಜ ಹೇಳು ಎಂದಿದ್ದಳು. ನಿಜ ಹೇಳಿದರೆ ಬಾಗಿಲು ತೋರಿಸುತ್ತಾರೆ. "ದಿನಾ ನೋಡ್ತೀನಿ ಸರ್."

"ಮುಟ್ಟಿದ್ದೀರಾ?"

"ಮುಟ್ಟೋದೇನು, ಅಂಗೈ ಮೇಲೆ ಬಿಟ್ಕೊಂಡು ಆಡಿಸ್ತೀನಿ. ಜಿರಳೆ ಅಂದ್ರಂತೂ ನಂಗೆ ಪ್ರಾಣ!"

ಅವರು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಸರಿ. ಆಮೇಲೆ ತಿಳಿಸ್ತೀವಿ."

ಆ 'ಆಮೇಲೆ' ಯಾವತ್ತೂ ಬರುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ! ಅಡುಗೆಮನೆಯ ಬಾಗಿಲಲ್ಲಿ ಮಗಳು ಹಣೆ ಚಚ್ಚಿಕೊಂಡಳು. ಇಷ್ಟು ಸುಳ್ಳು ಹೇಳಿದರೂ ಸಾಲಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಇನ್ನೂ ದೊಡ್ಡದೊಂದು ಸುಳ್ಳಿಗಾಗಿ ತಡಕಾಡುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಏನೋ ಪಟಪಟನೆ ಹಾರಿ ಬಂತು.

ಬೆರಳುದ್ದದ ಹಸಿರು ಮಿಡತೆ. ಮೇಜಿನ ಮೇಲೆ ಇಳಿದು ಮುಳ್ಳುಮುಳ್ಳಿನ ಹಿಂಗಾಲು ಮಡಚಿತು. ಮರುಕ್ಷಣ ಅವನ ಭುಜದ ಮೇಲಿತ್ತು.

ಅವನು ಕಿರುಚಿದ. ಕಣ್ಣು ಮುಚ್ಚಿ, ಕುರ್ಚಿ ಹತ್ತಿ, ಯಾರಾದರೂ ಕಾಪಾಡಿ ಎಂದು ಮನೆ ಹಾರಿಹೋಗುವಂತೆ ಕಿರುಚಿದ. ಅಂಗೈ ಮೇಲೆ ಜಿರಳೆ ಆಡಿಸುವ ಧೀರನ ಬಣ್ಣ ಬಯಲಾಯಿತು.

"ಅಲ್ಲಾಡಬೇಡಪ್ಪಾ, ದಮ್ಮಯ್ಯ! ಇನ್ನೊಂದೇ ಒಂದು!"

ಹೆಂಗಸಿನ ದನಿ. ಕಣ್ಣು ತೆರೆದ. ಅವಳ ಅಮ್ಮ. ಮೊಣಕೈಗೆಲ್ಲ ಮಣ್ಣು, ಕೊರಳಲ್ಲಿ ಕ್ಯಾಮೆರಾ, ಲೆನ್ಸು ಅವನ ಭುಜದಿಂದ ಗೇಣು ದೂರದಲ್ಲಿ. "ಬೆಳಿಗ್ಗೆಯಿಂದ ಇದರ ಹಿಂದೆ ಬಿದ್ದಿದೀನಿ. ಗೋಡೆ ಮೇಲಿರೋ ಆ ನೊಣ ಕೂಡ ನನ್ನ ಇಷ್ಟು ಕಾಡಿಸ್ಲಿಲ್ಲ."

ಹಾಗಾದರೆ ಫೋಟೋಗಳೆಲ್ಲ ಇವರವು! ಅವನು ಎದುರಿನ ಕುರ್ಚಿಯತ್ತ ನೋಡಿದ. ಖಾಲಿ. ತನ್ನ ಅವತಾರ ನೋಡಲಾರದೆ ಎದ್ದು ಹೋಗಿರಬೇಕು. ಮದುವೆಯ ಕಥೆ ಅಲ್ಲಿಗೆ ಮುಗಿಯಿತು.

ಮಿಡತೆ ಮತ್ತೆ ಜಿಗಿಯಿತು. ಅಮ್ಮ, ಮಗಳು ಖುಷಿಯಿಂದ ಕೂಗುತ್ತ ಅದರ ಹಿಂದೆ ಓಡಿದರು. ಅವನು ತದ್ವಿರುದ್ಧ ದಿಕ್ಕಿಗೆ ಓಡಿದ. ಮೊದಲು ಸಿಕ್ಕಿದ ಬಾಗಿಲು ಬಚ್ಚಲುಮನೆಯದು. ತಳ್ಳಿದರೆ ಒಳಗಿನಿಂದ ಚಿಲಕ ಹಾಕಿತ್ತು. ದಬದಬ ಬಡಿದ.

ಚಿಲಕ ಸರಿಯಿತು. ಬಾಗಿಲು ಒಂದಿಷ್ಟೇ ತೆರೆಯಿತು. ಬಲವಾದ ಕೈಯೊಂದು ಹೊರಗೆ ಬಂದು ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡಿತು. ಬಕೆಟ್ಟುಗಳ ನಡುವೆ ದಪ್ಪ ಮೀಸೆ ಗಡಗಡ ನಡುಗುತ್ತಿತ್ತು.

"ಮೊದಲೇ ಹೇಳೋಕೇನಾಗಿತ್ತೋ ಅಳಿಯಾ? ಬಾಗಿಲು ಹಾಕು ಬೇಗ, ಇಷ್ಟು ವರ್ಷ ಇಲ್ಲಿ ನಾನೊಬ್ಬನೇ ನಿಂತಿರ್ತಿದ್ದೆ!"