ಬೀಗ ಬಿದ್ದ ಆಟ

ಬ್ರಿಸ್ಬೇನಿನಲ್ಲಿ ಮನೆಮನೆ ಹತ್ತಿಳಿದು ಟಿವಿ ಚಾನೆಲ್ಲಿನ ಚಂದಾ ಮಾರುತ್ತಿದ್ದ ಸುಮುಖನಿಗೆ ಆ ಗೇಟಿನ ಮೇಲೆ ಕನ್ನಡದ ಹೆಸರು ಕಂಡು ಧೈರ್ಯ ಬಂತು. ಮನೆಯೊಡತಿ ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಗಿಯುತ್ತಿದ್ದಳು.

"ಮೇಡಂ, ಈ ವರ್ಷದಿಂದ ರಗ್ಬಿ ಫ್ರೀ ಚಾನೆಲ್‌ನಲ್ಲಿ ಬರಲ್ಲ. ದುಡ್ಡು ಕಟ್ಟಿದವರಿಗೆ ಮಾತ್ರ."

"ನಾನು ಈ ಆಟ ಕಲಿತದ್ದೇ ಫ್ರೀ ಚಾನೆಲ್ ನೋಡಿ. ಅದಕ್ಕೆ ಬೀಗ ಜಡಿದು, ಈಗ ಬೀಗದಕೈ ಮಾರೋಕೆ ಬಂದಿದೀರಾ? ಒಂದು ಡಾಲರೂ ಬಿಚ್ಚಲ್ಲ."

"ನಾನಂತೂ ಈ ಸಲ ಒಂದು ಮ್ಯಾಚೂ ಬಿಡದೆ ನೋಡಿದೀನಿ ಮೇಡಂ. ಸಾಯಂಕಾಲ ಫೈನಲ್. ಈಗ ತಗೊಳ್ಳದಿದ್ರೆ ಶುರುವಿನಿಂದ ನೋಡೋಕಾಗಲ್ಲ."

ಅವಳು ಎದ್ದು ಬ್ಯಾಗನ್ನು ಹೆಗಲಿಗೇರಿಸಿದಳು.

"ನಾನು ಹೋಗಿ ಸೀಟಿ ಊದೋವರೆಗೂ ನಿಮ್ಮ ಚಾನೆಲ್‌ನಲ್ಲೂ ಅದು ಶುರುವಾಗಲ್ಲ, ಬಿಡಿ."