ಜಾಗ ಹಿಡಿಯುವ ಹೆಸರು

ಬೀನ್ಸಿನ ನಾರು ತೆಗೆಯುತ್ತಲೇ ಅವಳು ಗಂಡನ ಲ್ಯಾಪ್‌ಟಾಪಿನತ್ತ ಕಣ್ಣು ಹಾಯಿಸಿದಳು. ಇಬ್ಬರದೂ ಕೋಡ್ ಬರೆಯುವ ಕೆಲಸವೇ. ಅವನ ಪರದೆಯ ತುಂಬ ಸಾಲುಸಾಲಿಗೂ ‘ಮೃದುಲಾ’ ಎಂದಿತ್ತು.

“ಯಾರಿವಳು?”

“ಯಾರೂ ಅಲ್ಲ ಕಣೇ. ನಿಜವಾದ ಹೆಸರು ಬರೋ ತನಕ ಜಾಗ ಹಿಡಿಯೋಕೆ ಹಾಕಿದ್ದು.”

“ಅದಕ್ಕೆ ಎಲ್ಲರೂ ಫೂ, ಬಾರ್ ಅಂತ ಅರ್ಥವಿಲ್ಲದ್ದೇನೋ ಬರೀತಾರಪ್ಪ.”

“ಆ ಫೂ ಯಾರ ಮಗ ಹೇಳು? ಹಳೇ ಕಾಮಿಕ್ಸಿಂದ ಬಂತು ಅಂತಾರೆ, ಸೈನಿಕರ ಬೈಗುಳದಿಂದ ಬಂತು ಅಂತಾರೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇದೂ ಹಾಗೇ, ಬೆರಳಿಗೆ ಬಂದದ್ದು.”

“ನನ್ನ ಹೆಸರು ಬರಲಿಲ್ವಾ ಬೆರಳಿಗೆ?”

ಅವನು ನಕ್ಕ. “ನೀನು ಎದುರಿಗೇ ಇದೀಯಲ್ಲ.”

‘ಬೆರಳಿಗೆ ಬಂದದ್ದು’ ಎಂಬ ಅವನ ಮಾತು ಊಟದ ಹೊತ್ತಿಗೂ ಅವಳ ತಲೆಯಲ್ಲೇ ಸುತ್ತುತ್ತಿತ್ತು. ಬೆರಳಿಗೆ ಯಾವ ಹೆಸರೂ ಸುಮ್ಮಸುಮ್ಮನೆ ಬರುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ಆಫೀಸಿನಲ್ಲಿ ತನ್ನ ಕೋಡ್ ತೆರೆದಳು. ಕಾಲೇಜು ಬಿಟ್ಟ ಮೇಲೆ ಒಮ್ಮೆಯೂ ಕಣ್ಣಿಗೆ ಬೀಳದ ಶಶಾಂಕ ಅಲ್ಲಿ ಎಂದಿನಂತೆ ಸಾಲುಸಾಲಿಗೂ ಜಾಗ ಹಿಡಿದು ಕೂತಿದ್ದ. ಇನ್ನು ಮನೆಯಲ್ಲಿ ಮೃದುಲಾಳ ಮಾತೆತ್ತಬಾರದು ಎಂದುಕೊಂಡು, ಅವನನ್ನು ಅಳಿಸಲು ಚಾಚಿದ್ದ ಬೆರಳನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು.